ಮರಳಲ್ಲಿ ಹೂತದ್ದು

ಮುತ್ತತ್ತಿಯಲ್ಲಿ ದೊಡ್ಡಪ್ಪನದೊಂದು, ನನ್ನದೊಂದು ಹರಿಗೋಲು ಇದ್ದವು. ಭಾನುವಾರ ಶಿವನಸಮುದ್ರದ ಕರೆಂಟು ಕೆಲಸದವರು, ಮಳವಳ್ಳಿಯವರು ಸಂಸಾರ ಸಮೇತ ಬರುತ್ತಿದ್ದರು. ಅವರಿಗಾಗಿ ಎರಡನ್ನೂ ಜೋಡಿಸಿ ಬಿಗಿದು, ಹಲಗೆ ಹಾಸಿ, ನೆರಳಿಗೆ ಮೇಲೆ ಚಾಪೆ ಕಟ್ಟಿದೆವು. ಬೆಳಿಗ್ಗೆ ಹತ್ತಿದವರು ಹೊಳೆಯ ಮೇಲೇ ಉಂಡು, ಮಲಗಿ, ಸಂಜೆ ಇಳಿಯುತ್ತಿದ್ದರು. ಮಕ್ಕಳಿಗೆ, ಮುದುಕರಿಗೆ ಬಹಿರ್ದೆಸೆಗೆ ಅಂತ ಮೂಲೆಯಲ್ಲಿ ಸೀರೆ ಮರೆ ಮಾಡಿ ಒಂದು ಮಡಕೆ ಇಟ್ಟಿದ್ದೆವು. ತುಂಬಿದರೆ ಹೊಳೆಗೇ ಸುರಿಯುತ್ತಿದ್ದೆವು. ಎಂಜಲೆಲೆಯೂ ಹೊಳೆಗೇ.

ಹೆಂಗಸರು ಕುಡಿಯುವ ನೀರು ತುಂಬುತ್ತಿದ್ದ ಜಾಗ ನಮ್ಮಿಂದ ಕೆಳಗೆ. ಒಂದು ದಿನ ನಮ್ಮ ಬೀದಿಯ ಅತ್ತೆ ಬಿಂದಿಗೆ ಸಮೇತ ದೊಡ್ಡಪ್ಪನ ಮುಂದೆ ಬಂದು ನಿಂತಳು.

"ಅಣ್ಣಾ, ನಿನ್ ಗಿರಾಕಿಗಳು ಉಂಡಿದ್ದೂ ಏತಿದ್ದೂ ನಮ್ ಬಿಂದ್ಗೆಗೇ ಬತ್ತಾ ಅದೆ. ಒಂದ್ ಗುಟುಕು ನೀನೇ ಕುಡ್ದು ನೋಡು."

ದೊಡ್ಡಪ್ಪನ ಮುಖ ಕೆಂಪಾಯಿತು. "ಇನ್ಮ್ಯಾಕೆ ಎಲ್ಲಾನೂ ದಡಕ್ಕೆ ತಂದು, ಮತ್ತಿ ಮರದ ಆಚೆ ದಿಬ್ಬದ ಗಟ್ಟಿ ನೆಲ್ದಾಗೆ ಊತಾಕ್ತೀವಿ ಕಣಮ್ಮ. ಒಂದೆಲೆ ನೀರಿಗ್ ಬಂದ್ರೂ ನನ್ ಅರಿಗೋಲು ದಡಕ್ಕೆತ್ತಾಕ್ತೀನಿ. ತಿರ್ಗಾ ಇಳ್ಸಾಕಿಲ್ಲ."

ಅವನಿಗೆ ಮಂಡಿನೋವು. ದಿಬ್ಬ ಹತ್ತಿ ಹೂಳುವ ಕೆಲಸ ನನಗೆ ಬಂತು. ಆ ನೆಲ ಕಲ್ಲಿನ ಹಾಗಿತ್ತು. ನಾಲ್ಕು ಸಲ ಅಗೆದೆ, ಅಂಗೈ ಬೊಬ್ಬೆ ಬಂತು. ಐದನೇ ಸಲ ನೀರಂಚಿನ ಮರಳಲ್ಲೇ ಗುಂಡಿ ತೋಡಿ ಮುಚ್ಚಿಬಿಟ್ಟೆ. ಎಷ್ಟು ಸಲೀಸು!

"ಊತ್ಯೇನ್ಲಾ?"

"ಊತೆ ಕಣ್ ದೊಡ್ಡಪ್ಪ."

ಎಲ್ಲಿ ಅಂತ ಅವನು ಕೇಳಲಿಲ್ಲ. ಆಮೇಲೆ ಬೇಸಿಗೆಯೆಲ್ಲ ಮರಳಲ್ಲೇ ಹೂತೆ.

ಮೇಲೆ ಎಲ್ಲೋ ಮಳೆ ಹೊಡೆದು ಹೊಳೆ ಏರಿತು. ಬೆಳಿಗ್ಗೆ ನೋಡಿದರೆ ಮರಳು ಕೊಚ್ಚಿಹೋಗಿ, ನಾನು ಹೂತದ್ದೆಲ್ಲ ನೀರು ತುಂಬುವ ಜಾಗದಲ್ಲಿ ತೇಲುತ್ತಿತ್ತು. ಹೆಂಗಸರು ಖಾಲಿ ಬಿಂದಿಗೆ ಹಿಡಿದು ನಿಂತಿದ್ದರು. ದೊಡ್ಡಪ್ಪ ಯಾರೂ ಹೇಳುವ ಮುಂಚೆಯೇ ಹಗ್ಗ ಬಿಚ್ಚಿ ತನ್ನ ಹರಿಗೋಲನ್ನು ದಡಕ್ಕೆ ಎಳೆಯತೊಡಗಿದ. ಎಲ್ಲರ ಮುಂದೆ ಹೇಳಿದೆ, "ಮರಳಲ್ಲಿ ಊತಿದ್ದು ನಾನು ಕಣತ್ತೆ. ದೊಡ್ಡಪ್ಪಂಗೆ ಗೊತ್ತಿರ್ಲಿಲ್ಲ."

ಅತ್ತೆ ನನ್ನನ್ನು ಬಾಯಿತುಂಬ ಬೈದಳು. ಆಮೇಲೆ ಅವನ ಕಡೆ ತಿರುಗಿ, "ಈ ಮೈಗಳ್ಳ ಮಾಡಿದ್ಕೆ ನೀನ್ಯಾಕಣ್ಣ? ಇಳ್ಸು, ಓಗ್ಲಿ ಬುಡು" ಅಂದಳು.

"ಮಾತು ಕೊಟ್ಟೋನು ನಾನಲ್ವಾ" ಅಂದ ಅಷ್ಟೇ.

ನನ್ನ ಹರಿಗೋಲು ನಡೆಯಲಿ ಅಂದ. ನಡೆಯಿತು. ಈಗ ದಿಬ್ಬದ ಮೇಲೆಯೇ ಹೂಳುತ್ತೇನೆ, ಅತ್ತೆ ಬಂದು ಗುಂಡಿ ನೋಡಿ ಹೋಗುತ್ತಾಳೆ. ಅವನ ಹರಿಗೋಲಿನ ತೊಗಲು ಮಾತ್ರ ಬಿಸಿಲಿಗೆ ಬಿರಿಯಿತು. ಎಣ್ಣೆ ಸವರುತ್ತೇನೆ ಅಂದರೂ ಬೇಡ ಅಂದ.

ಮೊನ್ನೆ ಆಚೆ ದಡಕ್ಕೆ ಹೋಗಬೇಕಾಗಿ ನನ್ನ ಹರಿಗೋಲು ಹತ್ತಿದ, ಗಿರಾಕಿಯ ಹಾಗೆ ನಡುವೆ ಕೂತ. ಹುಟ್ಟು ಅವನ ಕಡೆ ಚಾಚಿದೆ. ಮುಟ್ಟಲಿಲ್ಲ. ಸುಳಿ ಹತ್ತಿರ ಬಂದಾಗ, "ಎಡಕ್ಕೆ ತಗೋಳ್ಲಾ" ಅಂದ. ತಗೊಂಡೆ.