ನಂಬರ್ ನಂದೀಶ

ನೀಲಗಂಗವ್ವ ಅಕ್ಕೋರು ನಂದೀಶನನ್ನು ಮೊದಲು ಕಂಡದ್ದು ಶಿರಹಟ್ಟಿಯ ತಮ್ಮ ಪ್ರೌಢಶಾಲೆಯ ಶಿಕ್ಷಕರ ಕೋಣೆಯಲ್ಲಿ, ದಸರೆ ರಜೆ ಮುಗಿದ ಮರುದಿನ. ಮೇಜಿನ ಮೇಲೆ ಒಂದು ರಟ್ಟಿನ ಡಬ್ಬಿ, ಅದರ ತುಂಬ ತೆಳ್ಳನೆಯ ಹಳದಿ ಪುಸ್ತಕಗಳು. ಪ್ರತಿ ಪುಸ್ತಕದ ಹೊದಿಕೆಯ ಮೇಲೂ ಕೈಕಟ್ಟಿ ನಿಂತ ಒಬ್ಬ ಮನುಷ್ಯನ ಭಾವಚಿತ್ರ. ಅದೇ ಮನುಷ್ಯ ಮೇಜಿನ ಪಕ್ಕದಲ್ಲಿ ಅದೇ ರೀತಿ ಕೈಕಟ್ಟಿ ನಿಂತಿದ್ದ. ಅಂಗಿ ಮಾತ್ರ ಬೇರೆ.

"ಅಕ್ಕಾರ, ಇಂಗ್ಲಿಷ್ ಅಂದ್ರ ಹುಡುಗೂರು ಯಾಕ ಅಂಜತಾರ ಗೊತ್ತೈತೇನ್ರಿ?" ಎಂದು ಕೇಳಿದ.

ಅಕ್ಕೋರು ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದ್ದವರು.

"ತಿಳಕೊಳ್ಳಾಕ ಹೋಗ್ತಾರ ನೋಡ್ರಿ, ಅದಕ್ಕ ಅಂಜತಾರ. ತಿಳಕೊಳ್ಳೋ ಗೊಡವಿಗೇ ಹೋಗಬಾರದು."

ಶಾಲೆಯಲ್ಲಿ ನಿಂತು ಇಂಥ ಮಾತನ್ನು ನಗುನಗುತ್ತ ಆಡುವ ಮನುಷ್ಯನನ್ನು ಅಕ್ಕೋರು ಅಲ್ಲಿಯವರೆಗೆ ಕಂಡಿರಲಿಲ್ಲ.

ನಂದೀಶ ಅಂತೂರ ಬೆಂತೂರದವನು. ಬಿ.ಎ.ಯಲ್ಲಿ ಇಂಗ್ಲಿಷಿಗೇ ಎರಡು ಸಲ ಬಿದ್ದು, ಮೂರನೆಯ ಸಲ ಹೇಗೋ ಎದ್ದವನು. ಕೆಲವು ವರ್ಷ ಬೀಜದ ಕಂಪನಿಯೊಂದರ ಪರವಾಗಿ ಊರೂರು ಅಲೆದಿದ್ದ. ಜನ ಚೀಲದ ಮೇಲಿನ ಬರಹ ಓದುವುದಿಲ್ಲ, ಚಿತ್ರ ನೋಡಿ ಕೊಳ್ಳುತ್ತಾರೆ ಎಂಬ ಜ್ಞಾನ ಅವನಿಗೆ ಆಗ ಲಭಿಸಿತು. ಅದೊಂದೇ ಬಂಡವಾಳದ ಮೇಲೆ ಬೆಟಗೇರಿಯಲ್ಲಿ, ಮಗ್ಗ ನಿಂತುಹೋದ ನೇಕಾರರ ಖೋಲಿಯೊಂದರ ಮೇಲಿನ ಮಹಡಿ ಹಿಡಿದು, ಹತ್ತನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಶುರು ಮಾಡಿದ.

ಅವನ ಪದ್ಧತಿ ಹೀಗಿತ್ತು. ಬಹಳ ವರ್ಷ ಪ್ರಶ್ನೆಪತ್ರಿಕೆಯಲ್ಲಿ ಯಾವ ನಂಬರಿಗೆ ಯಾವ ಬಗೆಯ ಪ್ರಶ್ನೆ ಎಂಬುದು ಹೆಚ್ಚುಕಡಿಮೆ ಗೊತ್ತೇ ಇರುತ್ತಿತ್ತು. ಮೂವತ್ತನಾಲ್ಕು ಎಂದರೆ ಪತ್ರ, ಮೂವತ್ತಾರು ಎಂದರೆ ಪ್ರಬಂಧ. ನಂದೀಶ ಪ್ರತಿ ನಂಬರಿಗೂ ಒಂದೊಂದು ಉತ್ತರ ಮಾಡಿಟ್ಟಿದ್ದ. ಅವನು "ಮೂವತ್ನಾಲ್ಕು!" ಎಂದು ಕೂಗಿದರೆ ಸಾಕು, ಅರವತ್ತು ಮಕ್ಕಳು ಬೆಂಚಿನ ಮೇಲೆ ಭಜನೆಯ ತಾಳ ಹಾಕುತ್ತ ಗೆಳತಿಗೆ ಬರೆದ ಅಭಿನಂದನೆಯ ಪತ್ರವನ್ನು ಪೂರ್ತಿ ಹಾಡಿಬಿಡುತ್ತಿದ್ದರು. ಆ ಗೆಳತಿ ಓಟದಲ್ಲಿ ಗೆದ್ದಿದ್ದಾಳೆಂದು ಹಾಡುವವರಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಇರಲಿಲ್ಲ. ಕೆಲವರು ಪಾಸಾದರು. ಜನ ಅವನನ್ನು ನಂಬರ್ ನಂದೀಶ ಎಂದು ಕರೆದರು. ಅವನು ಅದನ್ನು ಬಿರುದೆಂದು ತಿಳಿದು ಫಲಕದ ಮೇಲೆ ಬರೆಸಿದ.

ಅವನು ಶಿರಹಟ್ಟಿಗೆ ಬಂದ ವರ್ಷವೇ ಇಂಗ್ಲಿಷ್ ಪರೀಕ್ಷೆ ಪರಿಷ್ಕರಣೆಯಾಯಿತು. ಪ್ರಶ್ನೆಗಳ ಕ್ರಮ ಬದಲಾಗುತ್ತದೆ, ಮಕ್ಕಳು ಹಿಂದೆ ಓದಿರದ ಬರಹ ಕೊಟ್ಟು ಅದರ ಮೇಲೆ ಕೇಳುತ್ತಾರೆ ಎಂದು ಸುತ್ತೋಲೆ ಬಂದಿತ್ತು. ನಂದೀಶ ಹಳೆಯ ಪುಸ್ತಕದ ಮೇಲೆ "ಪರಿಷ್ಕೃತ" ಎಂಬ ಚೀಟಿ ಅಂಟಿಸಿಕೊಂಡು ಬಂದಿದ್ದ. ಚೀಟಿಯ ಕೆಳಗಿನದು ಒಂದಕ್ಷರವೂ ಬದಲಾಗಿರಲಿಲ್ಲ.

"ಈ ಮನುಷ್ಯಾಗ ಮಕ್ಕಳನ್ನ ಒಪ್ಪಸಬ್ಯಾಡ್ರಿ ಸರ್" ಎಂದು ಅಕ್ಕೋರು ಮುಖ್ಯೋಪಾಧ್ಯಾಯ ದೇವೇಂದ್ರಪ್ಪನವರಿಗೆ ಹೇಳಿದರು.

"ನಮ್ಮ ಶಾಲಿ ಫಲಿತಾಂಶ ತಾಲೂಕಿನಾಗ ಕೆಳಗಿಂದ ಎರಡನೇದು ಐತ್ರಿ ಅಕ್ಕಾರ. ಇಂವ ಬಂದ್ರ ಮೂರನೇದರ ಆಗಬಹುದು" ಎಂದರು ದೇವೇಂದ್ರಪ್ಪ. ಕೆಳಗಿಂದ ಮೂರನೆಯ ಸ್ಥಾನಕ್ಕೆ ಆಸೆಪಡುವ ಮುಖ್ಯೋಪಾಧ್ಯಾಯರಿಗೆ ಏನು ಹೇಳುವುದು? ಎರಡು ದಿನ ತಕರಾರು ಮಾಡಿ ಅಕ್ಕೋರು ಒಪ್ಪಿಗೆಪತ್ರಕ್ಕೆ ಸಹಿ ಮಾಡಿದರು. ಶನಿವಾರದ ಇಂಗ್ಲಿಷ್ ಅವಧಿಗಳು ನಂದೀಶನ ಪಾಲಾದವು.

ಆ ಶನಿವಾರಗಳಿಗೆ ತಪ್ಪದೆ ಬರುತ್ತಿದ್ದವರಲ್ಲಿ ಬೆಳ್ಳಟ್ಟಿಯ ಸೀಮಾ ಒಬ್ಬಳು. ಮೆಣಸಿನಗಿಡದ ಎಲೆ ಮಗುಚಿ ನೋಡಿ ರೋಗ ಹೇಳುವ ಹುಡುಗಿ. ಹತ್ತನೆಯದು ಪಾಸಾಗಿ ಎರಡು ವರ್ಷದ ಕೃಷಿ ಡಿಪ್ಲೊಮಾಕ್ಕೆ ಸೇರಬೇಕೆಂದು ಅವಳ ಹಟ. ತಾಯಿ ಹನಮಂತವ್ವ ಕರಾರು ಹಾಕಿದ್ದಳು: "ಈ ವರ್ಷ ಪಾಸಾದ್ರ ನಿನ್ನ ಡಿಪ್ಲೊಮಾ. ಇಲ್ಲಾಂದ್ರ ಗದಗಿನಾಗ ನಿಮ್ಮ ಮಾವ ಹೇಳ್ಯಾನಲ್ಲ, ಆ ಸೀರಿ ಅಂಗಡಿ. ಮುಂದಿನ ವರ್ಷ ಅಂತ ನನ್ನ ಮುಂದ ಹಾಡಬ್ಯಾಡ." ಉಳಿದ ವಿಷಯಗಳು ಸೀಮಾಳಿಗೆ ಭಾರವಲ್ಲ. ಇಂಗ್ಲಿಷ್ ಒಂದೇ ಅಡ್ಡಗೋಡೆ.

ಪರೀಕ್ಷೆಯ ದಿನ ಅವಳು ನಗುತ್ತ ಹೊರಬಂದಳು. "ಎಲ್ಲಾ ಬರದೇನ್ರಿ ಅಕ್ಕಾರ. ಒಂದೂ ಬಿಟ್ಟಿಲ್ಲ."

ಅಕ್ಕೋರು ಅವಳ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡರು. ಕಣ್ಣಾಡಿಸಿ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟರು. "ಮೂವತ್ನಾಲ್ಕಕ್ಕ ಏನ ಬರದಿ?"

"ಗೆಳತಿಗೆ ಪತ್ರಾ ರೀ."

"ಅಲ್ಲಿ ಏನ ಕೇಳ್ಯಾರ, ಓದು."

ಸೀಮಾ ಆ ಪ್ರಶ್ನೆಯನ್ನು ಆಗ ಮೊದಲ ಬಾರಿಗೆ ಓದಿದಳು. ಅದು ಬಸ್ಸುಗಳ ವೇಳಾಪಟ್ಟಿ. ಮುಂಡರಗಿಯಿಂದ ಹತ್ತು ಗಂಟೆಯೊಳಗೆ ಗದಗ ಮುಟ್ಟಬೇಕಾದರೆ ಯಾವ ಬಸ್ಸು ಹತ್ತಬೇಕೆಂದು ಕೇಳಿತ್ತು. ನಗು ಮುಖದಿಂದ ಇಳಿದುಹೋಯಿತು.

ಫಲಿತಾಂಶ ಬಂದಾಗ ಇಂಗ್ಲಿಷಿನಲ್ಲಿ ಅವಳಿಗೆ ಹನ್ನೊಂದು ಅಂಕ. ಅವಳೊಬ್ಬಳೇ ಅಲ್ಲ, ಆ ಶಾಲೆಯ ಹದಿನೇಳು ಮಕ್ಕಳು ಬಸ್ಸಿನ ವೇಳಾಪಟ್ಟಿಯ ಮುಂದೆ ಒಬ್ಬಳೇ ಗೆಳತಿಯನ್ನು ಅವವೇ ಮಾತುಗಳಲ್ಲಿ ಅಭಿನಂದಿಸಿ, ಒಟ್ಟಿಗೆ ಬಿದ್ದಿದ್ದರು. ಬಿದ್ದವರಿಗೆಂದು ಅದೇ ವರ್ಷ ನಡೆಸುವ ಎರಡನೆಯ ಪರೀಕ್ಷೆಗೆ ಇನ್ನು ಮೂರು ವಾರ. ಅದರಲ್ಲಿ ಪಾಸಾದರೆ ಡಿಪ್ಲೊಮಾದ ಅರ್ಜಿಗೆ ಇನ್ನೂ ವೇಳೆಯಿತ್ತು.

ಅಕ್ಕೋರು ಪ್ರಶ್ನೆಪತ್ರಿಕೆ ಹಿಡಿದು ಬೆಟಗೇರಿಯ ಮಹಡಿ ಹತ್ತಿದರು. ಒಂದಿಷ್ಟಾದರೂ ನಾಚಿಕೆ ಕಾಣಬಹುದೆಂಬ ಆಸೆ ಅವರಿಗಿತ್ತು. ಅಷ್ಟು ವರ್ಷ ಪಾಠ ಹೇಳಿದವರಿಗೆ ಮನುಷ್ಯರ ಮೇಲೆ ಅಂಥ ಆಸೆ ಇರುತ್ತದೆ.

"ನಮ್ಮ ಉತ್ತರ ಖರೇನ ಅದಾವ್ರಿ ಅಕ್ಕಾರ" ಎಂದ ನಂದೀಶ. "ಪ್ರಶ್ನಿ ತಪ್ಪ್ಯಾವ. ಮೂವತ್ನಾಲ್ಕಕ್ಕ ಬಸ್ ಕೇಳತಾರಂದ್ರ ಏನರ್ಥ? ಗ್ರೇಸ್ ಮಾರ್ಕ್ಸ್ ಕೊಡ್ರಿ ಅಂತ ಅರ್ಜಿ ಬರದೀವಿ. ಹುಡುಗೂರ ಸಹಿ ಆಗ್ಯಾವ. ನಿಮ್ದೊಂದು ಬಿದ್ರ ತೂಕ ಬರ್ತೈತಿ."

"ನಿಮ್ಮ ಮಾತಿಗೆ ಒಮ್ಮೆ ಸಹಿ ಮಾಡಿ ಹದಿನೇಳು ಮಂದೀನ ಮುಳುಗಸೀನಿ. ಅದು ಸಾಕು. ಎರಡನೇ ಪರೀಕ್ಷಾಕ್ಕರ ಹುಡುಗೂರನ್ನ ಕೂಡಸ್ರಿ."

"ಪರೀಕ್ಷಾ ಯಾಕ್ರಿ? ಗ್ರೇಸ್ ಬರೂದ ಐತಿ."

ಮಕ್ಕಳನ್ನು ತಮ್ಮ ಮನೆಗೆ ಪಾಠಕ್ಕೆ ಕಳಿಸಿರೆಂದು ಅಕ್ಕೋರು ಹದಿನೇಳು ಮನೆಗಳಿಗೂ ಹೇಳಿಕಳಿಸಿದರು. ಬಂದವಳು ಸೀಮಾ ಒಬ್ಬಳೇ. ಉಳಿದವರು ಗ್ರೇಸ್ ಕಾಯುತ್ತ ಕುಳಿತರು. ಪುಕ್ಕಟೆ ಅಂಕದ ಭರವಸೆ ಕೊಡುವವನಿದ್ದಾಗ ದುಡಿದು ಓದಿರೆನ್ನುವವರ ಮನೆಗೆ ಯಾರು ಬರುತ್ತಾರೆ?

ಸೀಮಾ ದಿನಾಲು ಮುಂಜಾನೆ ಬೆಳ್ಳಟ್ಟಿಯಿಂದ ಬಸ್ಸಿಗೆ ಬಂದಳು. ಮೊದಲ ದಿನ ಅಕ್ಕೋರು ಅವಳ ಮುಂದೆ ಒಂದು ಪ್ರಶ್ನೆಪತ್ರಿಕೆ ಇಟ್ಟರು. ಎಡಗಡೆಯ ಅಂಚು ಉದ್ದಕ್ಕೂ ಕತ್ತರಿಸಿತ್ತು.

"ಅಕ್ಕಾರ, ಇದಕ್ಕ ನಂಬರ್ ಇಲ್ರೀ."

"ನಾನ ಕತ್ತರಿಸೀನಿ. ಬರಿ."

ಅವಳು ಪೆನ್ನು ಹಿಡಿದು ಕುಳಿತೇ ಕುಳಿತಳು. ನಂಬರಿಲ್ಲದೆ ಯಾವ ಉತ್ತರವೂ ಅವಳ ಬಾಯಿಗೆ ಬರಲಿಲ್ಲ. ಎಡಗೈಯ ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ಮೇಜಿನ ಮೇಲೆ ತಾಳ ಹಾಕತೊಡಗಿದವು. ಅಕ್ಕೋರು ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ತಾಳ ನಿಂತಿತು. ಸೀಮಾ ಅಳತೊಡಗಿದಳು.

"ಆ ಪುಣ್ಯಾತ್ಮ ನಿಮ್ಮ ತಲಿ ಹಾಳ ಮಾಡ್ಯಾನ" ಎಂದರು ಅಕ್ಕೋರು.

"ಸರ್‌ಗೆ ಬೈಬ್ಯಾಡ್ರಿ ಅಕ್ಕಾರ" ಎಂದಳು ಹುಡುಗಿ, ಕಣ್ಣೊರೆಸಿಕೊಂಡು. "ಅವರ ಕಡೆ ನನಗ ಅಂಜಿಕಿ ಬರತಿರಲಿಲ್ಲ. ನಿಮ್ಮ ಕ್ಲಾಸಿನ್ಯಾಗ ನಾ ತಪ್ಪ ಹೇಳಿದ್ರ ನೀವು ಕನ್ನಡಕ ತಗದು ಒರಸ್ತಿದ್ರಿ. ಆಮ್ಯಾಲ ನಾ ಕೈ ಎತ್ತೂದ ಬಿಟ್ಟೆ."

ಕನ್ನಡಕ ಒರೆಸುವ ಚಟ ಅಕ್ಕೋರಿಗಿದ್ದದ್ದು ನಿಜ. ನಂದೀಶನ ಮೇಲಿನ ತಿರಸ್ಕಾರ ಇದರಿಂದ ಕಡಿಮೆಯಾಗಲಿಲ್ಲ. ಅಂಥವನ ಕಡೆ ಮಕ್ಕಳು ಓಡುವಂತೆ ಮಾಡಿದವರಲ್ಲಿ ತಾವೂ ಒಬ್ಬರೆಂದು ಮಾತ್ರ ಗೊತ್ತಾಯಿತು.

ಮರುದಿನ ಅವರು ಸೀಮಾಳ ಮನೆಯಿಂದಲೇ ಪಾಠ ತರಿಸಿದರು: ಮೆಣಸಿನಗಿಡದ ಹುಳ ಸಾಯಲೆಂದು ಹೊಡೆಯುವ ಎಣ್ಣೆಯ ಖಾಲಿ ಬಾಟಲಿ. ಅದರ ಚೀಟಿಯ ಮೇಲಿನ ಸಣ್ಣಕ್ಷರದ ಇಂಗ್ಲಿಷನ್ನು ಒಂದೊಂದೇ ಮಾತಾಗಿ ಓದಿಸಿದರು. ಅರ್ಧ ತಾಸು ತಿಣುಕಾಡಿದ ಮೇಲೆ ಸೀಮಾ ಫಕ್ಕನೆ ತಲೆ ಎತ್ತಿದಳು.

"ಅಕ್ಕಾರ, ಒಂದ ಪಂಪಿಗೆ ಹಾಕ್ರಿ ಅಂದದ್ದು ನಾವು ಹಾಕೂದರ ಅರ್ಧ ಐತ್ರೀ! ಅವ್ವ ಎರಡ ಮುಚ್ಚಳ ಹಾಕತಾಳ!"

"ಖರೆ ಏನು? ಇನ್ನೊಮ್ಮೆ ಓದು."

ಅವಳು ಇನ್ನೊಮ್ಮೆ ಓದಿದಳು. ಅರ್ಧವೇ ಇತ್ತು. ಆ ಸಂಜೆ ಬೆಳ್ಳಟ್ಟಿಯಲ್ಲಿ ತಾಯಿ ಮಗಳ ನಡುವೆ ದೊಡ್ಡ ಜಗಳವಾಯಿತಂತೆ. ಅಂಗಡಿಯವನು ಹೇಳಿದ್ದು ಖರೆಯೋ, ಚೀಟಿಯ ಮೇಲಿನ ಇಂಗ್ಲಿಷ್ ಖರೆಯೋ ಎಂಬುದೇ ಜಗಳ. ಮರುದಿನದಿಂದ ಸೀಮಾ ಕೈಗೆ ಸಿಕ್ಕ ಇಂಗ್ಲಿಷನ್ನೆಲ್ಲ ಓದಿ, ಹೇಳಿದ್ದೇನು ಎಂದು ಹುಡುಕತೊಡಗಿದಳು. ಅವಳು ಬರೆಯುವ ವಾಕ್ಯಗಳು ಕುಂಟುತ್ತಿದ್ದವು. ಅಕ್ಕೋರು ಕನ್ನಡಕ ಮುಟ್ಟದೆ ತಿದ್ದಿದರು.

ಎರಡನೆಯ ಪರೀಕ್ಷೆಯಲ್ಲಿ ಸೀಮಾ ಪಾಸಿನ ಗೆರೆಗಿಂತ ನಾಲ್ಕು ಅಂಕ ಮೇಲೆ ಬಂದಳು. ಡಿಪ್ಲೊಮಾದ ಅರ್ಜಿ ಹೋಯಿತು. ಗ್ರೇಸ್ ಕಾಯುತ್ತಿದ್ದ ಹದಿನಾರು ಮಂದಿಗೆ ಗ್ರೇಸ್ ಬರಲಿಲ್ಲ.

ಹದಿನೈದು ದಿನಕ್ಕೆ ಬೆಟಗೇರಿಯಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಮೇಲೆ ಕೈಕಟ್ಟಿದ ನಂದೀಶ, ಕೆಳಗೆ ಶಾಲೆಯ ಗುರುತಿನ ಚೀಟಿಯಿಂದ ಎತ್ತಿದ ಸೀಮಾಳ ಫೋಟೋ. "ಪರಿಷ್ಕೃತ ಪರೀಕ್ಷೆಯಲ್ಲೂ ನಂಬರ್ ಪದ್ಧತಿಯ ವಿಜಯ" ಎಂದು ದಪ್ಪ ಅಕ್ಷರ. ಅದನ್ನು ನೋಡಿ ಅಕ್ಕೋರಿಗೆ ಮೈ ಉರಿಯಿತು. ಸೀಮಾ ಅವರನ್ನು ಕರೆದುಕೊಂಡು ನೆಟ್ಟಗೆ ಮಹಡಿ ಹತ್ತಿದಳು. ಹೊಸ ವರ್ಷದ ಮಕ್ಕಳನ್ನು ಸೇರಿಸಲು ಬಂದ ಐದಾರು ಪಾಲಕರು ಬೆಂಚಿನ ಮೇಲೆ ಕುಳಿತಿದ್ದರು.

"ಸರ್, ನನ್ನ ಫೋಟೋ ತಗೀರಿ. ನಿಮ್ಮ ನಂಬರಿನಿಂದ ನಾ ಪಾಸಾಗಿಲ್ಲ. ನಿಮ್ಮ ನಂಬರಿನಿಂದ ಬಿದ್ದಿದ್ದೆ."

"ಹಂಗ ಅನ್ನಬ್ಯಾಡ ಯವ್ವಾ" ಎಂದ ನಂದೀಶ, ಪಾಲಕರ ಕಡೆ ಒಂದು ಕಣ್ಣಿಟ್ಟು.

"ತಗೀರಿ ಸರ್."

"ತಗದ್ರ ಮತ್ಯಾರದು ಹಚ್ಚಲಿ? ಹದಿನೇಳು ಮಂದ್ಯಾಗ ನೀ ಒಬ್ಬಾಕೀನ ಪಾಸಾಗೀದಿ!"

ಬಾಯಿಂದ ಜಾರಿದ ಮೇಲೆ ಅವನಿಗೆ ಅರಿವಾಯಿತು. ಬೆಂಚಿನಿಂದ ಒಬ್ಬ ಪಾಲಕ ಎದ್ದು, ಮಗನ ಕೈಹಿಡಿದು ಮೆಟ್ಟಿಲಿಳಿದ. ಉಳಿದವರು ಕದಲಲಿಲ್ಲ. "ಹದಿನೇಳರಾಗ ಒಂದಂದ್ರೂ ಒಂದಲ್ಲೇನ್ರಿ?" ಎಂದು ಅವರಲ್ಲೊಬ್ಬರು ಮೆಲ್ಲಗೆ ಅಂದದ್ದು ಅಕ್ಕೋರ ಕಿವಿಗೆ ಬಿತ್ತು. ನಂದೀಶನಂಥವರನ್ನು ಸಾಕುವವರು ಯಾರೆಂಬ ಪ್ರಶ್ನೆಗೆ ಅವರಿಗೆ ಬೇರೆ ಉತ್ತರ ಬೇಕಾಗಲಿಲ್ಲ. ಸೀಮಾ ಅವನ ಎದುರಿಗೇ ನಿಂತುಕೊಂಡಳು. ಕೊನೆಗೆ ಅವನೇ ಗೊಣಗುತ್ತ ಕೆಳಗಿಳಿದು, ಫ್ಲೆಕ್ಸಿನ ಹಗ್ಗ ಬಿಚ್ಚಿದ.

ಸೀಮಾ ಈಗ ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದಾಳೆ. ಹದಿನಾರು ಮಂದಿಯಲ್ಲಿ ಒಂಬತ್ತು ಮಂದಿ ಆಮೇಲೆ ಅಕ್ಕೋರ ಮನೆಗೆ ಬಂದು ಓದಿ, ಒಂದು ವರ್ಷ ತಡವಾಗಿ ಪಾಸಾದರು.

ನಂದೀಶ ಬೆಟಗೇರಿ ಬಿಟ್ಟು ಈಗ ಮುಂಡರಗಿಯಲ್ಲಿದ್ದಾನೆ. ಹತ್ತನೆಯ ತರಗತಿಯ ಮಕ್ಕಳನ್ನು ಮೊದಲಿನಷ್ಟು ಸೇರಿಸಿಕೊಳ್ಳುವುದಿಲ್ಲ. "ಅಷ್ಟೊತ್ತಿಗೆ ಪ್ರಶ್ನಿ ಓದೂ ಚಟಾ ಹತ್ತಿರ್ತೈತ್ರಿ ಅವಕ್ಕ" ಎಂದು ಪಾಲಕರಿಗೆ ಹೇಳುತ್ತಾನಂತೆ. ಎಂಟನೆಯ ತರಗತಿಯಿಂದಲೇ ಎಳೆಯ ಮಕ್ಕಳನ್ನು ಹಿಡಿಯುತ್ತಾನೆ. ರವಿವಾರ ಮುಂಜಾನೆ ಎರಡು ತಂಡ, ಮಧ್ಯಾಹ್ನ ಒಂದು. ಮೂರೂ ತುಂಬಿವೆ.