ಕಂಬ ಹತ್ತದ ಲೈನ್‌ಮನ್

ಅಕ್ಕ ಕೆನಡಾದಿಂದ ಧಾರವಾಡಕ್ಕೆ ಫೋನು ಮಾಡಿ, ಮಗ ಲೈನ್‌ಮನ್ ಆದ ಎಂದು ಹೇಳಿದ ದಿನ ನಮ್ಮ ಅವ್ವ ಒಂದು ಹೊತ್ತು ಊಟ ಬಿಟ್ಟಿದ್ದಳು. ಅಷ್ಟು ದೂರ ಹೋಗಿ, ಅಷ್ಟು ಓದಿಸಿ, ಕಡೆಗೆ ಮೊಮ್ಮಗ ಕರೆಂಟಿನ ಕಂಬ ಹತ್ತುವುದೇ ಎಂದು ಅವಳ ಸಂಕಟ. ಅದು ಅಮೆರಿಕನ್ ಫುಟ್‌ಬಾಲ್ ಎಂಬ ಆಟ, ಚೆಂಡು ಎಸೆಯುವವನ ಮೇಲೆ ಬೀಳಲು ಬರುವವರನ್ನು ಮುಂದೆ ಗೋಡೆಯಾಗಿ ನಿಂತು ತಡೆಯುವ ಐವರಿಗೆ ಆ ಹೆಸರು ಎಂದು ಅಕ್ಕ ಬಿಡಿಸಿ ಹೇಳಿದರೂ ಅವ್ವನ ತಲೆಗೆ ಹೋಗಲಿಲ್ಲ. ಮೊಮ್ಮಗನಿಗೇ ಫೋನು ಕೊಡಿಸಿ, "ಕಾಲಾಗ ರಬ್ಬರ್ ಚಪ್ಪಲಿ ಹಾಕ್ಕೊಂಡು ಹತ್ತಪಾ, ತಮ್ಮಾ" ಎಂದಳು. ಅವನು ಇಂಗ್ಲಿಷಿನಲ್ಲಿ ಆಗಲಿ ಎಂದನಂತೆ.

ಈ ಕಥೆಯನ್ನು ಮೆಲ್ಬರ್ನಿನ ಎಷ್ಟು ಮನೆಗಳಲ್ಲಿ ಹೇಳಿದ್ದೇನೋ. ಮಾತು ನಾನು ಕಲಿತದ್ದು ನಮ್ಮ ಅಜ್ಜನಿಂದ, ಅವನ ಜೊತೆ ಕಟ್ಟೆಯ ಮೇಲೆ ಕೂಡುತ್ತಿದ್ದ ಹಿರಿಯರಿಂದ. ನಗು ಅಂದರೆ ಎಲೆಯಡಿಕೆಗೆ ಸುಣ್ಣ ಇದ್ದಂತೆ, ಅದಿಲ್ಲದ ಮಾತು ಬಾಯಲ್ಲಿ ಕೆಂಪಾಗುವುದಿಲ್ಲ ಎನ್ನುತ್ತಿದ್ದ ಅಜ್ಜ.

ಅಂಥ ನನ್ನ ಮನೆಗೆ, ಮೆಲ್ಬರ್ನಿನ ಅಂಚಿನ ಕ್ಲೈಡ್ ನಾರ್ತಿಗೆ, ಅಕ್ಕನ ಮಗನೇ ಬಂದು ಇಳಿದ. ಮೂವತ್ತೊಂದು ವರ್ಷ. ಬಾಗಿಲಲ್ಲಿ ಓರೆಯಾಗಿಯೇ ಒಳಗೆ ಬರಬೇಕು, ಅಂಥ ಆಳು. ಹಗಲು ಡ್ಯಾಂಡಿನಾಂಗಿನ ಗೋದಾಮಿನಲ್ಲಿ ಕೆಲಸ, ಸಂಜೆ ಒಂದು ಕ್ಲಬ್ಬಿನಲ್ಲಿ ಆಟ. ಇಲ್ಲಿ ಆ ಆಟಕ್ಕೆ ಸಂಬಳವಿಲ್ಲ, ಜರ್ಸಿ ಕೂಡ ಅವರವರೇ ಒಗೆದುಕೊಳ್ಳಬೇಕು. ಹೋದಲ್ಲೆಲ್ಲ ಅವನನ್ನು ನಮ್ಮ ಲೈನ್‌ಮನ್ ಎಂದೇ ಪರಿಚಯ ಮಾಡಿಸಿದೆ. ಬೀದಿಯಲ್ಲಿ ಕರೆಂಟು ಹೋದರೆ ನಮ್ಮವರು ತಮಾಷೆಗೆ ಅವನಿಗೆ ಫೋನು ಮಾಡತೊಡಗಿದರು. ನಮ್ಮ ಬಡಾವಣೆಯಲ್ಲಿ ತಂತಿಯೆಲ್ಲ ನೆಲದಡಿ ಇರುವುದರಿಂದ ಅವನಿಗೆ ಹತ್ತಲು ಕಂಬವೂ ಇಲ್ಲವಲ್ಲ ಎಂದು ನಾನು ಅದಕ್ಕೊಂದು ಬಾಲ ಕಟ್ಟಿದೆ. ಅವನು ಮುಗುಳ್ನಗುತ್ತಿದ್ದ. ಯಾರು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಅರ್ಧಂಬರ್ಧ ತಿಳಿಯುತ್ತಿರಬೇಕು ಎಂದುಕೊಂಡಿದ್ದೆ.

ಅವನ ಮೊಣಕಾಲು ಮತ್ತೆ ಕೈಕೊಟ್ಟಾಗ ಬಾಕ್ಸ್ ಹಿಲ್‌ನ ಕ್ಲಿನಿಕ್ಕಿನಲ್ಲಿ ಅದನ್ನು ನೋಡಿಕೊಂಡವಳು ಹುಬ್ಬಳ್ಳಿ ಕಡೆಯ ಹುಡುಗಿ, ಫಿಸಿಯೋಥೆರಪಿಸ್ಟ್. ಇಬ್ಬರೂ ಮೆಚ್ಚಿಕೊಂಡರು. ತಾಯಿ ಇಲ್ಲದ ಹುಡುಗಿ. ಸಿಡ್ನಿಯಲ್ಲಿರುವ ತಂದೆ ಒಪ್ಪಿದರೆ ಮಾತ್ರ ಮದುವೆ ಎಂದಳು. ತಂದೆ, ಹುಡುಗನ ಕಡೆಯ ಹಿರಿಯರೊಬ್ಬರು ಬಂದು ಮಾತಾಡಲಿ ಎಂದರು. ಇಲ್ಲಿ ಅವನಿಗಿದ್ದ ಹಿರಿಯ ನಾನೊಬ್ಬನೇ.

ಸಿಡ್ನಿಗೆ ಹೋಗುವಾಗ ವಿಮಾನದಲ್ಲಿ ಅವನು ತನ್ನ ಬಾಳನ್ನು ಒಂದರ ಹಿಂದೊಂದು ಹೇಳಿ, ನನ್ನಿಂದ ಪಾಠದಂತೆ ಒಪ್ಪಿಸಿಕೊಂಡ. ಮೊದಲು ಯೂನಿವರ್ಸಿಟಿ ತಂಡ. ಕೆನಡಾದ ಲೀಗಿನವರು ಆರಿಸಿಕೊಂಡದ್ದು. ಆಮೇಲೆ ಅಮೆರಿಕದ ತಂಡವೊಂದರ ಶಿಬಿರ. ಅಲ್ಲಿ ಆಟದ ತಂತ್ರಗಳನ್ನು ಬರೆದ ಪುಸ್ತಕವೊಂದನ್ನು ಕೊಡುತ್ತಾರೆ, ಅದನ್ನು ವಾಪಸು ಕೇಳಿದರೆ ಮನೆಗೆ ಹೊರಡು ಎಂದು ಅರ್ಥ. ಮೂರನೇ ವಾರ ತಿಂಡಿಯ ಹೊತ್ತಿಗೆ ಒಬ್ಬ ಬಂದು ಕೇಳಿದ. ತಿರುಗಿ ಕೆನಡಾದಲ್ಲಿ ಆರು ವರ್ಷ, ಮೊಣಕಾಲಿಗೆ ಎರಡು ಆಪರೇಷನ್, ಕೊನೆಗೆ ಇನ್ನು ಬರಬೇಡ ಎಂದು ಒಂದು ಫೋನು. ಆಟದಲ್ಲಿ ಅವನ ಕೈಗೆ ಚೆಂಡು ಬರುವುದೇ ಇಲ್ಲ. ಮೈಕಿನಲ್ಲಿ ಅವನ ನಂಬರು ಕೂಗುವುದು ತಪ್ಪು ಮಾಡಿದಾಗ ಮಾತ್ರ. ಇಷ್ಟನ್ನು ಹುಡುಗಿಯ ತಂದೆಗೆ ಇದ್ದದ್ದು ಇದ್ದಂತೆ ಹೇಳಬೇಕು, ನಗಿಸುವುದು ಬೇಡ ಎಂದು ಕೇಳಿಕೊಂಡ. ಆಗಲಿ ಎಂದೆ.

ಶನಿವಾರ ಅಲ್ಲಿ ಅವನಿಗೊಂದು ಮ್ಯಾಚಿತ್ತು. ಭಾನುವಾರ ಮಧ್ಯಾಹ್ನ ಹುಡುಗಿಯ ತಂದೆಯ ಮನೆಯಲ್ಲಿ ಊಟ ಮುಗಿಸಿ, ಊದಿದ ಮೊಣಕಾಲಿಗೆ ಐಸಿನ ಚೀಲ ಇಟ್ಟುಕೊಂಡು ಸೋಫಾದಲ್ಲಿ ಕೂತ. ಹುಡುಗಿ ಪಕ್ಕದಲ್ಲಿ ನಿಂತಿದ್ದಳು. ಅವಳ ತಂದೆ ಊರಲ್ಲಿ ಕರೆಂಟ್ ಆಫೀಸಿನಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು.

ಚೆನ್ನಾಗಿಯೇ ಶುರು ಮಾಡಿದೆ. ಯೂನಿವರ್ಸಿಟಿಯ ಮಾತು ಮುಗಿಸಿ ಕೆನಡಾದ ಲೀಗಿನ ಮಾತಿಗೆ ಬಂದೆ. ಅವರ ಮುಖ ಅರಳಲಿಲ್ಲ. ಒಮ್ಮೆ ಗಡಿಯಾರ ನೋಡಿದರು. ನನಗೆ ಬಾಯಿ ಸಪ್ಪಗಾಯಿತು. ಸುಣ್ಣದ ಡಬ್ಬಿ ಕೈಯಲ್ಲೇ ಇತ್ತಲ್ಲ. ಸರ್, ಇವನು ಲೈನ್‌ಮನ್ ರೀ, ಎಂದು ಅವ್ವನ ಕಥೆ ತೆಗೆದೆ.

ಅವರು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಚಪ್ಪಲಿಯ ಮಾತು ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ, ಅವ್ವನ ದನಿಯಲ್ಲೇ. ಆಮೇಲೆ ಆ ನಗು ಇನ್ನೂ ತುಟಿಯ ಮೇಲಿರುವಂತೆಯೇ ಅವರು ಅಂದರು:

"ನನ್ನ ಕೈಕೆಳಗ ನಲವತ್ತು ಮಂದಿ ಲೈನ್‌ಮನ್ ಇದ್ರು. ಒಬ್ಬನ್ನೂ ಹೊಸ್ತಿಲಾ ದಾಟಿಸಿದ್ದಿಲ್ಲ. ಇಂವಾ ನೋಡ್ರಿ, ಸೀದಾ ಸೋಫಾಕ್ಕ ಬಂದು ಕುಂತಾನ."

ನಗುವಿನ ಓಟದಲ್ಲಿದ್ದೆ, ಅದಕ್ಕೂ ನಕ್ಕೆ. ಹುಡುಗಿಯೂ ನಕ್ಕಳು. ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೆ ನಕ್ಕಾಗಿತ್ತು.

ಅವನು ನನ್ನನ್ನು ನೋಡಲಿಲ್ಲ, ಅವಳ ತಂದೆಯನ್ನೂ ನೋಡಲಿಲ್ಲ. ಅವಳನ್ನೇ ನೋಡಿದ. ಎದ್ದು ಐಸಿನ ಚೀಲವನ್ನು ಸಿಂಕಿನಲ್ಲಿಟ್ಟು ಬಂದು, ಊಟ ಚೆನ್ನಾಗಿತ್ತು ಎಂದು ಇಂಗ್ಲಿಷಿನಲ್ಲಿ ಹೇಳಿ, ಕುಂಟುತ್ತ ಹೊರಗೆ ನಡೆದ. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ.

ಮೆಲ್ಬರ್ನ್ ಮುಟ್ಟಿ ಕಾರು ಹತ್ತಿದೆವು. ಅವನು ಬೆಲ್ಟು ಹಾಕಿಕೊಂಡು, ಮುಂದಿನ ಗಾಜನ್ನು ನೋಡುತ್ತ, ಕನ್ನಡದಲ್ಲಿ ಅಂದ:

"ಮಾಮಾ, ಇಷ್ಟು ವರ್ಷ ಬ್ಯಾರೆಯವರ ಮುಂದ ನಿಂತೇನಿ, ಅವರ ಮೈಮ್ಯಾಲೆ ಯಾರೂ ಬೀಳಬಾರದಂತ. ನೀವು ಒಂದು ತಾಸು ನನ್ನ ಮುಂದ ನಿಂದ್ರಬೇಕಿತ್ತು."

ಅವನು ಚಿಕ್ಕವನಿದ್ದಾಗ ಅವ್ವ ಎರಡು ವರ್ಷ ಕೆನಡಾದಲ್ಲಿದ್ದಳು. ಅವಳದೇ ರಾಗ, ಅವಳದೇ ಎಳೆತ. ನನ್ನ ಎಲ್ಲ ಕಥೆಗಳನ್ನೂ ಅವನು ಅಕ್ಷರ ಬಿಡದೆ ಕೇಳಿದ್ದ ಎಂದು ಹೊಳೆಯಬೇಕಾಗಿದ್ದ ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಇದು: "ಎಷ್ಟು ಚಂದ ಮಾತಾಡ್ತೀಯೋ."

ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ಆ ಹುಡುಗಿ ಎರಡು ವಾರ ಫೋನು ಮಾಡಿದಳು. ಅವನು ಎತ್ತಲಿಲ್ಲ. ತಿಂಗಳೊಳಗೆ ಕೆನಡಾಕ್ಕೆ ಹೊರಟುಹೋದ. ಅಕ್ಕ ನನ್ನ ಜೊತೆ ಮಾತಾಡುತ್ತಾಳೆ, ಅವನು ಪಕ್ಕದಲ್ಲಿದ್ದರೂ ಫೋನು ಅವನ ಕೈಗೆ ಹೋಗುವುದಿಲ್ಲ.

ಮೊನ್ನೆ ಯುಗಾದಿಗೆ ಡ್ಯಾಂಡಿನಾಂಗಿನ ಸಭಾಂಗಣವೊಂದರಲ್ಲಿ ನಮ್ಮವರೆಲ್ಲ ಸೇರಿದ್ದರು. ಊಟವಾದ ಮೇಲೆ, ಅಂಕಲ್, ಆ ಲೈನ್‌ಮನ್ ಕಥೆ ಹೇಳಿ ಎಂದು ಕೂತರು. ಹೇಳಿದೆ. ಈಗ ಅದು ರಬ್ಬರ್ ಚಪ್ಪಲಿಗೆ ನಿಲ್ಲುವುದಿಲ್ಲ. ನಲವತ್ತು ಮಂದಿ, ಹೊಸ್ತಿಲು, ಸೋಫಾ, ಅಲ್ಲಿಯವರೆಗೂ ಹೋಗುತ್ತದೆ. ಜನ ಹೆಚ್ಚು ನಗುವುದು ಅಲ್ಲಿಯೇ.