ಹಂದರದ ಕೆಳಗಿನ ನೆಲ

ನಾನು ತಿಕೋಟಾದ ದ್ರಾಕ್ಷಿ ಹಂದರದ ಕೆಳಗೆ ಆಡಿ ಬೆಳೆದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದಕ್ಕೆ ನನಗೆ ಯಾವ ನೆಪವೂ ಇಲ್ಲ.

ವಿಜಯಪುರದ ಒಂದು ಸಣ್ಣ ಆಫೀಸಿನಲ್ಲಿ ರಸ್ತೆಗಳ ವಿನ್ಯಾಸ ಮಾಡುತ್ತೇನೆ. ಆ ಸಲ ತಿಕೋಟಾದಿಂದ ಬಬಲೇಶ್ವರದ ಕಡೆಗೆ, ತೋಟಗಳ ನಡುವೆ ಹಾಯುವ ಹೊಸ ರಸ್ತೆಯ ಕೆಲಸ. ಡ್ರೋನ್ ಹಾರಿಸಿ ನೆಲದ ಎತ್ತರ ಅಳೆದಿದ್ದರು. ಅದು ಸರಿಯಿದೆಯೇ ಎಂದು ತಾಳೆ ನೋಡಲು ನಮ್ಮ ಹಳೆಯ ಸರ್ವೇಯರ್ ಅಲ್ಲಲ್ಲಿ ಅಳತೆಯ ಕೋಲು ನಿಲ್ಲಿಸಿ ಲೆವಲ್, ಅಂದರೆ ನೆಲದ ಮಟ್ಟ, ಬರೆದುಕೊಂಡು ಬಂದಿದ್ದರು. ಅವರು ಸಾರವಾಡದವರು, ವಯಸ್ಸು ಅರವತ್ತರ ಹತ್ತಿರ, ಆಫೀಸಿನಲ್ಲಿ ಎಲ್ಲರಿಗೂ ಕಾಕಾ. ಎರಡು ಅಳತೆಗಳನ್ನೂ ಕಂಪ್ಯೂಟರಿಗೆ ಹಾಕಿ, ಎಷ್ಟು ಮಣ್ಣು ಅಗೆಯಬೇಕು, ಎಷ್ಟು ತುಂಬಬೇಕು ಎಂದು ಲೆಕ್ಕ ಕೇಳಿದೆ. ಸಪಾಟಾದ ಆ ಸೀಮೆಯಲ್ಲಿ ಒಂದು ಗುಡ್ಡ ಕಡಿಯುವಷ್ಟು ಅಗೆಯಬೇಕೆಂದು ಅದು ಹೇಳಿತು.

ಪರದೆಯ ಮೇಲೆ ನೋಡಿದರೆ, ಕಾಕಾ ಅಳೆದು ಕೊಟ್ಟ ಬಿಂದುಗಳಿದ್ದಲ್ಲೆಲ್ಲ ನೆಲ ಕುಸಿದು ತಗ್ಗು ಬಿದ್ದಿತ್ತು. ಸುತ್ತಲೂ ಡ್ರೋನಿನ ಸಾವಿರಾರು ಬಿಂದುಗಳು ಒಂದೇ ಮಟ್ಟದಲ್ಲಿ ತಣ್ಣಗೆ ಕೂತಿದ್ದವು. ಅಷ್ಟು ಸಾವಿರದ ಎದುರು ಒಬ್ಬ ಮುದುಕನ ಮಾತನ್ನು ಯಾರು ನಂಬುತ್ತಾರೆ? ನಾನಂತೂ ನಂಬಲಿಲ್ಲ.

ಎಲ್ಲರೂ ಚಹಾ ಕುಡಿಯುತ್ತಿದ್ದ ಹೊತ್ತಿನಲ್ಲಿ ಅವರ ಲೆವಲ್ ಪುಸ್ತಕವನ್ನು ಮೇಜಿನ ಮೇಲೆ ಒಗೆದೆ. ಹಾಳೆಗಳ ಮೇಲೆಲ್ಲ ತಿಳಿನೀಲಿ ಕಲೆ.

"ಏನ್ರೀ ಕಾಕಾ ಇದು? ಪುಸ್ತಕಾನೂ ಹೊಲಸು, ಒಳಗಿನ ಅಂಕಿನೂ ಹೊಲಸು. ಕಣ್ಣು ಕಾಣಂಗಿಲ್ಲಂದ್ರ ಮನ್ಯಾಗ ಕುಂದರ್ರಿ."

ಯಾರೋ ನಕ್ಕರು. ಕಾಕಾ ಪುಸ್ತಕವನ್ನು ಎತ್ತಿ ಅಂಗಿಯ ತುದಿಯಿಂದ ಒರೆಸಿದರು.

"ನಾ ಕೋಲು ನೆಲದ ಮ್ಯಾಲ ಇಟ್ಟೇನ್ರಿ ಮೇಡಮ್ಮಾರ," ಎಂದರು. ಅಷ್ಟೇ. ಮರುದಿನದಿಂದ ಬರುವುದು ಬೇಡವೆಂದು ನಮ್ಮ ಸಾಹೇಬರು ಅವರಿಗೆ ಹೇಳಿ ಕಳಿಸಿದರು.

ಕಾಕಾ ಕೊಟ್ಟ ಬಿಂದುಗಳನ್ನೆಲ್ಲ ಅಳಿಸಿದೆ. ಅಗೆಯುವ ಮಣ್ಣು ಕಡಿಮೆಯಾಗಲಿಲ್ಲ, ಇನ್ನಷ್ಟು ಏರಿತು. ತಪ್ಪು ಅವರ ಬಿಂದುಗಳದಲ್ಲ ಎಂದು ಕಂಡು ಆಗಲಾದರೂ ನಾಚಿಕೆಯಾಗಬೇಕಿತ್ತು, ನನಗೆ ಬಂದದ್ದು ಸಿಟ್ಟು. ಅಳತೆ ಮೀಟರಿನಲ್ಲಿದೆಯೇ, ಈಗಿನ ನೆಲವೂ ಮುಂದಿನ ರಸ್ತೆಯೂ ಅದಲುಬದಲಾಗಿವೆಯೇ ಎಂದು ತಡಕಾಡಿದೆ. ಲೆಕ್ಕಕ್ಕೆ ಸೇರುವ ಜಾಗದ ಎಲ್ಲೆಗೆರೆಯನ್ನು ಅಳಿಸಿ ಮತ್ತೆ ಎಳೆದೆ. ಎರಡು ದಿನ ಇದೇ ಆಯಿತು. ಮೂರನೆಯ ದಿನ ಮಧ್ಯಾಹ್ನ, ರಸ್ತೆಯನ್ನು ಅಡ್ಡಲಾಗಿ ಸೀಳಿ ತೋರಿಸುವ ಚಿತ್ರಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆ. ಒಂದು ಕಡೆ ನೆಲ ಗೋಡೆಯಂತೆ ನೆಟ್ಟಗೆ ಎದ್ದು, ಮೇಲೆ ಸಪಾಟಾಗಿ ಸಾಗಿ, ಮತ್ತೆ ನೆಟ್ಟಗೆ ಇಳಿದಿತ್ತು. ಎತ್ತರ ಅಳೆದರೆ ಆರಡಿಗಿಂತ ತುಸು ಹೆಚ್ಚು. ಮುಂದಿನ ಚಿತ್ರದಲ್ಲೂ ಅಷ್ಟೇ. ಅದು ನಮ್ಮಪ್ಪ ಕೈ ಎತ್ತಿ ಬಳ್ಳಿ ಸವರುವ ಎತ್ತರ.

ಡ್ರೋನ್ ನೆಲವನ್ನು ನೋಡಿಯೇ ಇರಲಿಲ್ಲ. ಅದು ನೋಡಿದ್ದು ಹಂದರದ ಮೇಲಿನ ಎಲೆಗಳನ್ನು. ನಾನು ಎಲೆಯನ್ನು ಮಣ್ಣೆಂದು ತಿಳಿದು ಅಗೆಯಲು ಹೊರಟಿದ್ದೆ. ಕಾಕಾ ಆ ವಯಸ್ಸಿನಲ್ಲಿ ಬೆನ್ನು ಬಗ್ಗಿಸಿ, ಬಳ್ಳಿಗಳ ಅಡಿಯಲ್ಲಿ ನುಸುಳಿ, ನಿಜವಾದ ನೆಲ ಮುಟ್ಟಿ ಬಂದಿದ್ದರು. ಪುಸ್ತಕದ ನೀಲಿ ಕಲೆ ಬಳ್ಳಿಗೆ ಹೊಡೆಯುವ ಔಷಧದ್ದು. ಅಪ್ಪನ ಅಂಗಿಗಳ ಮೇಲೆ ಅದನ್ನು ನೋಡುತ್ತಲೇ ನಾನು ದೊಡ್ಡವಳಾಗಿದ್ದೆ.

ಎಲೆಗಳ ಬಿಂದುಗಳನ್ನು ತೆಗೆದು ಕಾಕಾ ಕೊಟ್ಟವನ್ನು ಮರಳಿ ಸೇರಿಸಿದೆ. ಲೆಕ್ಕ ಸರಿಯಾಗಿ ಕೂತಿತು. ಸಾಹೇಬರು ಎಲ್ಲರ ಮುಂದೆ, "ಶಾಬಾಸ್! ಮೂರ ದಿನದಾಗ ತಪ್ಪು ಹಿಡದಿ ನೋಡವಾ," ಎಂದರು. ಯಾರ ತಪ್ಪು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ರವಿವಾರ ಬಸ್ ಹಿಡಿದು ಸಾರವಾಡಕ್ಕೆ ಹೋದೆ. ಕಾಕಾ ಒಳಗೆ ಕರೆದು ಚಾಪೆ ಹಾಸಿದರು.

"ತಪ್ಪು ನಂದರೀ ಕಾಕಾ. ನಿಮ್ಮ ಅಂಕಿ ಖರೇ ಇದ್ವು."

"ಅದು ನನಗ ಗೊತ್ತೈತ್ರಿ," ಎಂದರು. ಚಾಪೆಯ ಮುದುರಿದ ತುದಿ ಬಿಡಿಸುತ್ತ, "ಬೈದದ್ದು ಎಲ್ಲಾರ ಮುಂದರಿ. ಹೇಳೂದೂ ಅಲ್ಲೇ ಹೇಳ್ರಿ," ಎಂದರು.

ಸೋಮವಾರ ಸಾಹೇಬರ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಎಲ್ಲವನ್ನೂ ಹೇಳಿದೆ. ಅವರು ನಕ್ಕು, ಕಾಕಾ ಅವರಿಗೆ ಫೋನ್ ಮಾಡಿ ಬರಲು ಹೇಳಿದರು. "ಆದದ್ದಾತು. ಹೊರಗ ಸಾರಕೋತ ಕುಂದರಬ್ಯಾಡ," ಎಂದರು. ಸಾಹೇಬರ ಯಾವ ಮಾತನ್ನೂ ನಾನು ಅಷ್ಟು ಸಂತೋಷದಿಂದ ಪಾಲಿಸಿಲ್ಲ.

ಕಾಕಾ ಮರಳಿ ಬಂದ ದಿನ ಮತ್ತೆ ಚಹಾದ ಹೊತ್ತು. ಪಕ್ಕದ ಮೇಜಿನವನು ದೊಡ್ಡ ದನಿಯಲ್ಲಿ, "ನಮ್ಮ ಮೇಡಮ್ಮಾರ ಮನಸು ದೊಡ್ಡದು ನೋಡ್ರಿ ಕಾಕಾ. ನೀವು ಅಷ್ಟು ತಪ್ಪು ಮಾಡಿದ್ರೂ ವಾಪಸ್ ಕರಿಸ್ಯಾರ," ಎಂದ.

ಕಾಕಾ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯಲೆಂದು ಕಾದರು. ನಾನು ತಣ್ಣಗಾದ ಚಹಾವನ್ನು ಊದುತ್ತ ಕೂತೆ.

"ಹೌದ್ರಿ," ಎಂದರು ಕಾಕಾ, ಮತ್ತು ಚಹಾದ ಕಪ್ಪು ತೊಳೆಯಲು ಎದ್ದು ಹೋದರು.